ಎಳ್ಯೋರ್ ಯಾರು ಅದ್ನ?

"ಕಲ್ಲೇನೋ ತಕಂಡೋಗ್ಲಾ, ಎಳ್ಯೋರ್ ಯಾರು ಅದ್ನ?"

ಮಾವ ಹೀಗೆ ಕೇಳಿದ್ದು ಈ ವಾರ ಪೂರ್ತಿ ತಲೇಲಿ ಸುತ್ತುತ್ತಾ ಇದೆ. ವ್ಯಂಗ್ಯಕ್ಕೇನೂ ಕೇಳಿದ್ದಲ್ಲ. ಬಾಯಲ್ಲಿ ಎಲೆ ಅಡಿಕೆ ಇತ್ತು, ಪಕ್ಕಕ್ಕೆ ತಿರುಗಿ ಉಗಿದು, ಕಲ್ಲಿನ ಮೇಲೊಂದು ಕೈ ಇಟ್ಕೊಂಡು, ಬಸ್ಸಿಗೆ ಟೈಮ್ ಎಷ್ಟು ಅಂತ ಕೇಳೋ ಥರ ಕೇಳಿದ್ರು. ಮೈಸೂರಲ್ಲಿ ನಮ್ಮನೇಲಿ ಅಷ್ಟು ದಿನದಿಂದ ಲಾನ್ ಸಮ ಮಾಡೋ ರೋಲರ್ ಬಗ್ಗೆ ಮಾತಾಡಿ ಮಾತಾಡಿ ಸಾಕಾಗಿತ್ತಲ್ಲ, ಈ ಪ್ರಶ್ನೆ ಮಾತ್ರ ಒಬ್ಬರ ಬಾಯಲ್ಲೂ ಬಂದಿರ್ಲಿಲ್ಲ.

ಅಮ್ಮಂಗೆ ಮಂಡಿ ಆಪರೇಷನ್ ಆಗಿದೆ, ದಿನಾ ನಡೀಬೇಕು, ಪಾರ್ಕಿಗೆ ಹೋದ್ರೆ ನಾಯಿ ಕಾಟ. ಅದಕ್ಕೆ ಮನೆ ಪಕ್ಕದ ಜಾಗದಲ್ಲೇ ಹುಲ್ಲು ಹಾಕ್ಸಿದ್ವಿ. ಹುಲ್ಲೇನೋ ಮಳೆಗೆ ಚೆನ್ನಾಗಿ ಹಿಡ್ಕೊಂತು, ನೆಲ ಮಾತ್ರ ಎಲ್ಲಾ ಉಬ್ಬು ತಗ್ಗು. ಪೈಪ್ ಹಾಕಿ ಮುಚ್ಚಿದ ಕಡೆ ಮಣ್ಣು ಕುಸಿದಿದೆ, ಹೆಗ್ಗಣ ತೋಡಿದ ಕಡೆ ಗುಡ್ಡೆ ಎದ್ದಿದೆ, ಎರೆಹುಳ ಬೇರೆ ರಾತ್ರೋರಾತ್ರಿ ಸಣ್ಣ ಸಣ್ಣ ಗೋಪುರ ಕಟ್ಟುತ್ವೆ. ಕೋಲು ಹಿಡ್ಕೊಂಡು ನಡೆಯೋರಿಗೆ ಒಂದಿಂಚು ತಗ್ಗು ಅಂದ್ರೂ ಸಾಕು, ಬೀಳೋಕೆ.

ರೋಲರ್ ಬೇಕು ಅಂತ ನಾನು ಬಾಯ್ಬಿಟ್ಟಿದ್ದೇ ತಡ, ಸಲಹೆ ಕೊಡೋರು ಸಾಲು ನಿಂತ್ರು. ರೆಡಿಮೇಡ್ ರೋಲರ್ ಆನ್‌ಲೈನಲ್ಲಿ ನೋಡಿದೆ, ರೇಟ್ ನೋಡಿ ಮೊಬೈಲ್ ಕೆಳಗಿಟ್ಟೆ. ಭಾಮೈದ ಸಿವಿಲ್ ಕಾಂಟ್ರಾಕ್ಟರ್, ಅವನ ಹತ್ರ ಎಲ್ಲದಕ್ಕೂ ಕಾಂಕ್ರೀಟೇ ಉತ್ತರ. "ಭಾವ, 200 ಲೀಟರ್ ಡ್ರಮ್ ತಗೊಳಿ, ಮಧ್ಯ ಒಂದು ಜಿಐ ಪೈಪ್ ನಿಲ್ಸಿ, ಕಾಂಕ್ರೀಟ್ ತುಂಬ್ಸಿ, ಎರಡು ಕಡೆ ಬೇರಿಂಗ್ ಕೂರ್ಸಿ, ಮುಗೀತು" ಅಂದ. ಕಾಂಕ್ರೀಟ್ ಒಂದು ಘನ ಮೀಟರಿಗೆ 2400 ಕೆಜಿ ಹತ್ರ ತೂಗುತ್ತೆ, ಆ ಲೆಕ್ಕದಲ್ಲಿ ಡ್ರಮ್ ಒಂದೇ 480 ಕೆಜಿ. ಅಷ್ಟು ಬೇಡ ಕಣೋ ಅಂದ್ರೆ, ಸರಿ ನೀರು ತುಂಬ್ಸಿ, 200 ಕೆಜಿ ಆಯ್ತಲ್ಲ, ಬೇಡ ಅಂದಾಗ ಖಾಲಿ ಮಾಡ್ಬಹುದು ಅಂದ. ಇದು ನಿಜವಾಗ್ಲೂ ಒಳ್ಳೆ ಐಡಿಯಾನೇ, ಅಂಗಡಿ ರೋಲರ್‌ಗಳೂ ಎಷ್ಟೋ ಹೀಗೇ ನೀರು ತುಂಬ್ಸೋವೇ. ಆದ್ರೆ ಭಾಮೈದ ಐಡಿಯಾ ಕೊಟ್ಟು, ಒಂದು ಹಳೇ ಡ್ರಮ್ಮೂ ಗೇಟ್ ಹತ್ರ ಇಳ್ಸಿ, ಹೋದೋನು ಹೋದ. ವೆಲ್ಡಿಂಗ್‌ನೋನು ಬರ್ತಾನೆ ಬರ್ತಾನೆ ಅಂತ ವಾಯ್ಸ್ ಮೆಸೇಜ್ ಮಾತ್ರ ಬರ್ತಿತ್ತು.

ಪಕ್ಕದ ಮನೆ ರಿಟೈರ್ಡ್ ಸಾಹೇಬ್ರದ್ದು ಇನ್ನೊಂದು ವರಸೆ. "ಇಂಟರ್‌ಲಾಕ್ ಟೈಲ್ಸ್ ಹಾಕ್ಸಿಬಿಡ್ರೀ, ಮಣ್ಣಿನ ತಲೆನೋವೇ ಬೇಡ". ಅವ್ರ ಮನೆ ಸುತ್ತ ಒಂದು ಬೊಗಸೆ ಮಣ್ಣಿಲ್ಲ, ಮಳೆ ಬಂದ್ರೆ ಅವ್ರ ಕಾಂಪೌಂಡ್ ನೀರೆಲ್ಲ ನಮ್ಮ ಗೇಟಿಗೆ. ಅವ್ರು ಮಾತಾಡೋದು ಜಾಸ್ತಿ, ಕೆಲ್ಸಕ್ಕೆ ಬಾರದೋರು ಅಂತ ನನ್ನ ಮನಸಲ್ಲಿ ಫಿಕ್ಸ್ ಆಗಿಹೋಗಿತ್ತು.

ರೋಲರ್ ಅಂದ್ರೆ ಎಲ್ಲರ ಮಾತೂ ತೂಕದ ಬಗ್ಗೇನೇ. ಗಂಗೋತ್ರಿ ಗ್ಲೇಡ್ಸಲ್ಲಿ ಮ್ಯಾಚ್ ನೋಡಿದೋರಿಗೆ ಪಿಚ್ ಮೇಲೆ ಓಡಾಡೋ ರೋಲರ್ ಕಣ್ಮುಂದೆ ಬರುತ್ತೆ, ಅದಕ್ಕೇ ರೋಲರ್ ಅಂದ್ರೆ ಭಾರ ಇದ್ದಷ್ಟೂ ಒಳ್ಳೇದು ಅನ್ನೋ ಭಾವನೆ. ಪಿಚ್ಚಿಗೆ ಜೇಡಿಮಣ್ಣು, ಅದು ಗಟ್ಟಿ ಆಗ್ಲೇಬೇಕು, ಆ 22 ಗಜಕ್ಕೇ ಸಹ ಎರಡನೇ ದಿನದಿಂದ ಬೆಳಿಗ್ಗೆ ಆಟ ಶುರುವಾಗೋ ಮುಂಚೆ 7 ನಿಮಿಷಕ್ಕಿಂತ ಜಾಸ್ತಿ ಉರುಳಿಸೋ ಹಾಗಿಲ್ಲ ಅಂತ ರೂಲ್ ಇದೆ. ಲಾನ್ ವಿಷ್ಯ ಬೇರೆ. ಮಣ್ಣು ತೀರಾ ಅದುಮಿದ್ರೆ ಬೇರಿಗೆ ಗಾಳಿ ಹೋಗಲ್ಲ, ನೀರು ಇಳಿಯಲ್ಲ, ಮೇಲೇ ನಿಲ್ಲುತ್ತೆ, ಹುಲ್ಲು ಹಳದಿ ಆಗುತ್ತೆ. ನೂರು ನೂರೈವತ್ತು ಕೆಜಿ ಇದ್ರೂ ನಡೆಯುತ್ತೆ.

ಅಷ್ಟರಲ್ಲಿ ಅಮ್ಮನೇ ಅಂದ್ಲು, "ಊರಲ್ಲಿ ರೋಣಗಲ್ಲು ಬಿದ್ದದಲ್ಲೋ, ನಿಮ್ ಮಾವನ್ನ ಕೇಳು". ರೋಣಗಲ್ಲು ಅಂದ್ರೆ ಕಣದಲ್ಲಿ ಎತ್ತು ಕಟ್ಟಿ ತೆನೆ ಮೇಲೆ ಉರುಳಿಸಿ ಕಾಳು ಬಿಡಿಸೋ ಕಲ್ಲು.

ಪಾಂಡವಪುರದ ಕಡೆ ಅಮ್ಮನ ತವರು. ಹೋಗ್ತಾ ದಾರಿ ಉದ್ದಕ್ಕೂ ಅರ್ಧ ರಸ್ತೆಗೆ ರಾಗಿ ಹುರುಳಿ ಹರಡಿದ್ರು, ಓಡಾಡೋ ಗಾಡಿಗಳೇ ತುಳಿದು ಕೊಡ್ಲಿ ಅಂತ. ಬೈಕಿನೋರು ಜಾರಿ ಬೀಳ್ತಾರೆ, ಮಾಡ್ಬೇಡಿ ಅಂತ ಪೊಲೀಸ್ರು ಪ್ರತಿ ವರ್ಷ ಹೇಳ್ತಾರೆ, ಪ್ರತಿ ವರ್ಷ ಹರಡ್ತಾರೆ. ನಾನೂ ಬೈಕೊಂಡೇ ಓಡಿಸ್ತಿದ್ದೆ. ಮಾವನ ಮನೆ ಹಿತ್ತಲಿಗೆ ಹೋಗಿ ನೋಡಿದ್ರೆ ಕಣದ ಕಲ್ಲು ಬಚ್ಚಲು ಪಕ್ಕ ಅರ್ಧ ಹೂತ್ಕೊಂಡು ಬಿದ್ದಿದೆ, ಮೇಲೆ ಬಟ್ಟೆ ಒಗೆದ ಸೋಪಿನ ಕರೆ. ಆಗ ಬೈಗುಳ ನಿಂತೋಯ್ತು. ಕಲ್ಲು ಇದೆ, ಎತ್ತಿಲ್ಲ. ಮಾವನ ಮನೇಲಿ ಎತ್ತು ಮಾರಿ ಎಷ್ಟೋ ವರ್ಷ ಆಯ್ತು, ಮಕ್ಕಳಿಬ್ರೂ ಬೆಂಗಳೂರಲ್ಲಿ ಕ್ಯಾಬ್ ಓಡಿಸ್ತಾರೆ. ಒಕ್ಕೋ ಮೆಷಿನ್‌ನೋನು ಬಂದ್ರೆ ಮೆಷಿನ್, ಇಲ್ಲಾಂದ್ರೆ ರಸ್ತೆ. ಎಳ್ಯೋರ್ ಯಾರು ಅಂತ ಅವ್ರು ನನ್ನ ಕೇಳಿದ್ರೋ ಅವ್ರನ್ನೇ ಕೇಳ್ಕೊಂಡ್ರೋ, ಈಗ್ಲೂ ನಂಗೆ ಡೌಟು.

ಆದ್ರೆ ನೆಲದ ವಿಷ್ಯ ಬಂದ ತಕ್ಷಣ ಮಾವ ಬೇರೆ ಮನುಷ್ಯ. ಕಣ ಮಾಡಿ ಮಾಡಿ ಕೈ ಪಳಗಿದೋರು. "ಕಲ್ಲಾಕುದ್ರೆ ಉಬ್ಬು ಇಳಿತದೆ ಅಂದ್ಕಂಡಿದ್ದಿಯಾ? ಮೊದ್ಲು ಉಬ್ಬ ಕೆತ್ತು, ತಗ್ಗಿಗೆ ತುಂಬು, ನೀರಾಕು, ಒಂದ್ ರಾತ್ರಿ ಬುಡು, ಹದ ನೋಡ್ಕ, ಆಮೇಕೆ ಉಳ್ಳುಸು" ಅಂದ್ರು. ಹದ ಅಂದ್ರೆ ಹೇಗೆ ಅಂತ ಕೇಳಿದ್ದಕ್ಕೆ ಹಿತ್ತಲಲ್ಲೇ ಒಂದು ಹಿಡಿ ಕೆಮ್ಮಣ್ಣು ತಗೊಂಡು ಅಮುಕಿ ತೋರಿಸಿದ್ರು. ಉಂಡೆ ಕಟ್ಟಬೇಕು, ಹೆಬ್ಬೆಟ್ಟಲ್ಲಿ ಒತ್ತಿದ್ರೆ ಒಡೀಬೇಕು. ಕೈಗೆ ಮೆತ್ತಿಕೊಂಡ್ರೆ ಇನ್ನೂ ಹಸಿ, ಕಲ್ಲಿಗೂ ಮೆತ್ತಿಕೊಂಡು ಹುಲ್ಲು ಸಮೇತ ಎದ್ದು ಬರುತ್ತೆ. ಉಂಡೇನೇ ಕಟ್ಟಲಿಲ್ಲ ಅಂದ್ರೆ ಒಣಗಿದೆ, ಆನೆ ಓಡಾಡಿದ್ರೂ ನಮ್ಮ ಕೆಮ್ಮಣ್ಣು ಜಗ್ಗಲ್ಲ. ಲಾನ್ ಹಾಕಿದ ನರ್ಸರಿಯವನು ಇದ್ರಲ್ಲಿ ಒಂದಕ್ಷರ ಹೇಳಿರ್ಲಿಲ್ಲ, ದುಡ್ಡು ಮಾತ್ರ ಎಣಿಸ್ಕೊಂಡು ಹೋದ.

ಹಲಗೆ ಇಟ್ಟು, ಹಗ್ಗ ಹಾಕಿ, ಊರ ಹುಡುಗ್ರು ಕೈ ಕೊಟ್ಟು, ಗೂಡ್ಸ್ ಆಟೋಗೆ ಕಲ್ಲು ಏರಿಸಿದ್ವಿ. ಎರಡೂವರೆ ಅಡಿ ಉದ್ದ, ಒಂದೂಕಾಲು ಅಡಿ ದಪ್ಪ, ಲೆಕ್ಕ ಹಾಕಿದ್ರೆ ಹತ್ರ ಹತ್ರ 230 ಕೆಜಿ. ಲಾನಿಗೆ ಜಾಸ್ತಿನೇ, ಅದಕ್ಕೇ ಒಂದು ಜಾಗದ ಮೇಲೆ ಒಂದೇ ಸಲ ಅಂತ ತೀರ್ಮಾನ ಮಾಡ್ಕೊಂಡೆ. ಮನೆಗೆ ಬಂದ ಕಲ್ಲಿಗೆ ಅಮ್ಮ ಅರಿಶಿನ ಕುಂಕುಮ ಇಟ್ಟು ಕೈ ಮುಗಿದ್ಲು. ಎರಡೂ ತುದೀಲಿ ಹಳೇ ಕಬ್ಬಿಣದ ಗೂಟ ಗಟ್ಟಿಯಾಗೇ ಇತ್ತು, ಅದಕ್ಕೊಂದು ಚೌಕಟ್ಟು ಮಾಡ್ಸಿ, ಗ್ರೀಸ್ ಬಳಿದು, ಹಗ್ಗ ಕಟ್ಟಿದ್ದಾಯ್ತು. ಮಾವ ಹೇಳಿದ ಹಾಗೇ ಹುಲ್ಲು ಬಿಡಿಸಿ ಉಬ್ಬು ಕೆತ್ತಿ, ತಗ್ಗಿಗೆ ಮರಳು ಕೆಮ್ಮಣ್ಣು ಗೊಬ್ಬರ ಬೆರೆಸಿ ತುಂಬಿ, ಶನಿವಾರ ಸಂಜೆ ನೀರು ಬಿಟ್ಟಿದ್ವಿ.

ಭಾನುವಾರ ಬೆಳಿಗ್ಗೆ ಭಾಮೈದ ಬರ್ತೀನಿ ಅಂದಿದ್ದ. ವಾಯ್ಸ್ ಮೆಸೇಜ್ ಬಂತು. ನಾನು, ನನ್ನ ಹೆಂಡ್ತಿ ಹಗ್ಗ ಹಿಡ್ಕೊಂಡು ನಿಂತಿದೀವಿ, ಪಕ್ಕದ ಮನೆ ಸಾಹೇಬ್ರು ಟ್ರ್ಯಾಕ್ ಪ್ಯಾಂಟ್ ಹಾಕ್ಕೊಂಡು ಗೇಟ್ ತೆಗ್ದು ಬಂದ್ರು. "ಸರೀರಿ, ಒಂದು ಕೈ ಹಾಕ್ತೀನಿ". ವಯಸ್ಸಾಗಿದೆ ಬೇಡ ಸಾರ್ ಅಂದ್ರೂ ಕೇಳ್ಲಿಲ್ಲ, ನಮ್ಮಪ್ಪನ ಕಾಲದಲ್ಲಿ ಇದನ್ನೇ ಹೊಡೆದು ಬೆಳೆದೋನು ಕಣ್ರೀ ಅಂತ ಹಗ್ಗ ಭುಜಕ್ಕೆ ಹಾಕ್ಕೊಂಡ್ರು. ಅವ್ರೂ ಮದ್ದೂರು ಕಡೇಯೋರು ಅಂತ ಗೊತ್ತಾಗಿದ್ದೇ ಅವತ್ತು. ಇಷ್ಟು ವರ್ಷ ಇಂಟರ್‌ಲಾಕ್ ಬಗ್ಗೆ ಮಾತ್ರ ಮಾತಾಡಿದ ಮನುಷ್ಯ!

ಮಜಾ ಇರೋದು ಆಮೇಲೆ. ನೇರ ಎಳೀತಿದೀವಿ, ಕಲ್ಲು ಎಡಕ್ಕೆ ಹೋಗುತ್ತೆ. ಮತ್ತೆ ಸರಿ ಮಾಡಿ ಎಳೀತೀವಿ, ಮತ್ತೆ ಎಡಕ್ಕೆ. ಹೆಂಡ್ತಿ ನಂಗೆ ಬೈತಾಳೆ, ನೀವು ಜೋರಾಗಿ ಎಳೀತಿಲ್ಲ ಅಂತ. ಸಾಹೇಬ್ರು ಬಗ್ಗಿ ನೋಡಿ ನಕ್ಕರು. ಕಲ್ಲು ಎರಡೂ ಕಡೆ ಒಂದೇ ದಪ್ಪ ಇಲ್ಲ. ಬಲಗಡೆ ತುದಿ ದಪ್ಪ, ಎಡಗಡೆದು ಅದಕ್ಕಿಂತ ಎರಡು ಬೆರಳಿನಷ್ಟು ಸಣ್ಣ. ದಪ್ಪ ತುದಿ ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತೆ, ಸಣ್ಣ ತುದಿ ಕಮ್ಮಿ, ಹಾಗಾಗಿ ಇಡೀ ಕಲ್ಲು ತಾನಾಗೇ ಸಣ್ಣ ತುದಿ ಕಡೆಗೆ ತಿರುಗುತ್ತೆ. ಕಣದ ನಡುವೆ ನೆಟ್ಟ ಕಂಬ, ಮೇಟಿ, ಅದರ ಸುತ್ತ ಎತ್ತು ಸುತ್ತಬೇಕಲ್ಲ, ಅದಕ್ಕೆ ಅಂತಲೇ ಕಡೆದ ಕಲ್ಲು. ಯಾವ ಕಲ್ಲುಕುಟಿಗ ಕಡೆದನೋ, ಟೇಪೂ ಇಲ್ಲ ಲೇತೂ ಇಲ್ಲ, ಎತ್ತಿನ ಕತ್ತಿಗೆ ತ್ರಾಸ ಆಗಬಾರ್ದು ಅಂತ ಆ ಎರಡು ಬೆರಳು ಇಳಿಸಿದಾನೆ. ಎಳೆಯೋರ ಬಗ್ಗೆ ಯೋಚ್ನೆ ಮಾಡಿದೋನು ಅವನೊಬ್ಬನೇ ಅನ್ಸುತ್ತೆ. ನಾವು ಅದನ್ನ ನೇರ ಎಳೀಬೇಕು ಅಂತ ಬೆವರು ಸುರಿಸ್ತಿದೀವಿ.

ಜಗಲಿ ಮೇಲೆ ಕೂತು ನೋಡ್ತಿದ್ದ ಅಮ್ಮ, "ನಾನೇನ್ ನೇರ ನಡೀತೀನಾ? ಸುತ್ತೇ ತಾನೆ ಹೊಡಿಯೋದು, ಸುತ್ತಾನೇ ಎಳೀರೋ" ಅಂದ್ಲು.

ಸುತ್ತ ಎಳೆದ್ವಿ. ಒಮ್ಮೆ ದಾರಿ ಸಿಕ್ಕಿದ್ಮೇಲೆ ಕಲ್ಲು ಸಲೀಸಾಗಿ ಬಂತು, ಮೂರು ಜನ ಸಾಕಾಯ್ತು. ಈಗ ಸೈಟಲ್ಲಿ ದುಂಡಗೆ ಒಂದು ದಾರಿ ಸಮ ಇದೆ, ನಾಕು ಮೂಲೆ ಹಾಗೇ ಇವೆ, ಮೂಲೆಗೆ ಯಾರು ಹೋಗ್ತಾರೆ ಬಿಡಿ. ಮಾವಂಗೆ ಫೋನ್ ಮಾಡಿ ಹೇಳಿದೆ, ಮೂರು ಜನ ಎಳೆದ್ವಿ ಮಾವ ಅಂತ. "ಮೂರ್ ಜನ್ವಾ?" ಅಂದು ಸ್ವಲ್ಪ ಹೊತ್ತು ಸುಮ್ನಿದ್ದು, "ನಮ್ಮಟ್ಟಿಲಿ ಮೂರ್ ಜನ ಸೇರೋದು ಹಬ್ಬಕ್ಕೇ ಕಣ್ಲಾ" ಅಂದ್ರು. ಸಂಕ್ರಾಂತಿಗೆ ಬತ್ತೀವಿ ಅಂದೆ. ಬರ್ತಾ ಮೆಷಿನ್‌ನೋನ ನಂಬರ್ ಯಾರತ್ರ ಆದ್ರೂ ಇದ್ರೆ ತಕಂಬಾ, ರಾಗಿ ಇನ್ನೂ ಬಡಿದಿಲ್ಲ ಅಂದ್ರು.

ಡ್ರಮ್ಮು ಗೇಟ್ ಹತ್ರಾನೇ ಇದೆ. ವೆಲ್ಡಿಂಗ್‌ನೋನು ನಾಳೆ ಬರ್ತಾನಂತೆ.