ಅರವತ್ತು ಫೈಲು, ಒಂದೇ ಸಾಲು

ನಮ್ಮೂರ ಹಾಲಿನ ಡೈರಿಯ ಲೆಕ್ಕ ನೋಡಿಕೊಳ್ಳುವುದು ನಾನು. ಬೆಳಗ್ಗೆ ಒಂದು, ಸಂಜೆ ಒಂದು ಸಿಎಸ್‌ವಿ ಫೈಲ್ (ಕಾಲಂಗಳ ನಡುವೆ ಕಾಮಾ ಇರುವ ಪಟ್ಟಿ) ಬರುತ್ತದೆ. ಅದರಲ್ಲಿ ತಾರೀಖು, ಸದಸ್ಯರ ನಂಬರ್, ಲೀಟರ್, ಫ್ಯಾಟ್ ಇರುತ್ತವೆ. ಜೂನ್ ತಿಂಗಳಿಗೆ 60 ಫೈಲು. ರಜೆಗೆ ಬಂದಿದ್ದ ಅಕ್ಕನ ಮಗ ಲಿನಕ್ಸ್ ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡಿ ಕಂಪ್ಯೂಟರಿನಿಂದ ಕೆಲಸ ಮಾಡಿಸೋದು, ಹೇಳಿಕೊಡ್ತೀನಿ ಅಂದಾಗ, ಇವುಗಳ ಮೇಲೇ ಕಲಿಸು ಅಂದೆ. ಒಂದೊಂದು ನಕಲು ಬೇರೆ ಫೋಲ್ಡರಿಗೆ ಹಾಕಿಕೊಂಡು ಕೂತೆವು.

ಫೈಲ್ ಪಟ್ಟಿ ತೋರಿಸುವ ಎಲ್‌ಎಸ್, ಫೋಲ್ಡರ್ ಬದಲಿಸುವ ಸಿಡಿ, ನಕಲು ಮಾಡುವ ಸಿಪಿ ಎಲ್ಲ ಬೇಗ ಕೈಗೆ ಬಂದವು. ಆಮೇಲೆ ಅವನೇ ಕೇಳಿದ: "ಮಾಮ, ಈ ಫೈಲುಗಳಿಂದ ನಿಮಗೆ ಏನು ಗೊತ್ತಾಗಬೇಕು?"

ಯಾರು ಎಷ್ಟು ಸಲ ಹಾಲು ಹಾಕಿದ್ದಾರೆ ಅಂತ ಗೊತ್ತಾಗಬೇಕಿತ್ತು. ಎರಡು ಹೊತ್ತೂ ತಪ್ಪದೆ ಬರುವವರು ಇದ್ದಕ್ಕಿದ್ದಂತೆ ಕಡಿಮೆಯಾದರೆ ಆ ಮನೆಯಲ್ಲಿ ಏನೋ ತೊಂದರೆ ಇರುತ್ತದೆ, ಅಲ್ವಾ?

ಅವನು ಒಂದೊಂದೇ ಕಮಾಂಡ್ ಜೋಡಿಸುತ್ತಾ ಹೋದ. ಕ್ಯಾಟ್ 60 ಫೈಲನ್ನೂ ಒಂದರ ಹಿಂದೆ ಒಂದು ಸುರಿಯಿತು. ಕಟ್ ಎರಡನೇ ಕಾಲಂ, ಅಂದರೆ ಸದಸ್ಯರ ನಂಬರ್ ಮಾತ್ರ ಎತ್ತಿಕೊಂಡಿತು. ಎಣಿಸೋಕೆ ಯುನಿಕ್; ಅದರ ಮುಂದೆ ಮೈನಸ್ ಸಿ ಅಂತ ಹಾಕಿದರೆ ಒಂದೇ ಥರದ ಸಾಲು ಎಷ್ಟಿವೆ ಅಂತ ಹೇಳುತ್ತದೆ. ಆದರೆ ಒಂದೇ ನಂಬರ್ ಹತ್ತಾರು ಕಡೆ ಬಂತು. ಯುನಿಕ್ ನೋಡುವುದು ಪಕ್ಕಪಕ್ಕದ ಸಾಲನ್ನು ಮಾತ್ರವಂತೆ. ಸಾಲುಗಳನ್ನು ಕ್ರಮವಾಗಿ ಜೋಡಿಸುವ ಸಾರ್ಟ್ ಅನ್ನು ನಡುವೆ ಸೇರಿಸಿದ. ನಂಬರುಗಳೆಲ್ಲ ಒಟ್ಟಾಗಿ ಕೂತವು, ಎಣಿಕೆ ಸರಿಹೋಯಿತು. ಕೊನೆಗೆ ಮತ್ತೆ ಸಾರ್ಟ್, ಸಂಖ್ಯೆಯ ಲೆಕ್ಕದಲ್ಲಿ ಜೋಡಿಸೋಕೆ ಮೈನಸ್ ಎನ್: ಕಡಿಮೆ ಸಲ ಬಂದವರು ಮೇಲೆ.

ನನಗೆ ಬಹಳ ಹಿಡಿಸಿದ್ದು ಕಮಾಂಡುಗಳ ನಡುವೆ ಹಾಕುವ ನೆಟ್ಟನೆಯ ಗೆರೆ, ಪೈಪ್; ಒಂದು ಕಮಾಂಡ್ ಕೊಟ್ಟದ್ದನ್ನು ಮುಂದಿನದಕ್ಕೆ ದಾಟಿಸುತ್ತದೆ. ಡಗ್ ಮ್ಯಾಕಿಲ್‌ರಾಯ್ ಬಹಳ ದಿನದಿಂದ ಕೇಳುತ್ತಿದ್ದದ್ದನ್ನು ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ 1973ರಲ್ಲಿ ಲಿನಕ್ಸ್‌ಗೆ ಮಾದರಿಯಾದ ಯೂನಿಕ್ಸ್‌ಗೆ ಸೇರಿಸಿದರಂತೆ. ಸಾರ್ಟ್‌ಗೆ ಹಾಲಿನ ವಿಷಯ ಗೊತ್ತಿಲ್ಲ, ಕಟ್‌ಗೆ ಡೈರಿ ಗೊತ್ತಿಲ್ಲ. ತಮ್ಮ ಒಂದು ಕೆಲಸ ಮಾಡಿ ಮುಂದಕ್ಕೆ ದಾಟಿಸುತ್ತವೆ, ಅಷ್ಟೇ. ಪ್ರಶ್ನೆ ಮಾತ್ರ ನನ್ನದು. ರಿಜಿಸ್ಟರ್ ತಿರುವಿ ಒಂದು ಸಂಜೆ ಕಳೆಯುತ್ತಿದ್ದ ಕೆಲಸ ಎಂಟರ್ ಒತ್ತುವಷ್ಟರಲ್ಲಿ ಮುಗಿಯಿತು.

ಮೇಲಿನ ಸಾಲುಗಳಲ್ಲಿ ಸದಾ ಎರಡು ಹೊತ್ತೂ ಬರುವ ಒಬ್ಬರ ನಂಬರ್ ಇತ್ತು. ಫೋನ್ ಮಾಡಿದೆ. ಹಸುವಿಗೆ ಕೆಚ್ಚಲು ಬಾವು, ಯಾರಿಗೂ ಹೇಳಿರಲಿಲ್ಲ. ಡಾಕ್ಟರಿಗೆ ತಿಳಿಸಿದೆ.

ಮಧ್ಯಾಹ್ನ ಆ ಇಡೀ ಸಾಲನ್ನು ಒಂದು ಫೈಲಿಗೆ ಬರೆದೆವು. ಮೊದಲ ಸಾಲಿನಲ್ಲಿ ಕಮಾಂಡ್ ಓದಿ ನಡೆಸುವ ಬ್ಯಾಶ್ ಇರುವ ಜಾಗ; ಆಮೇಲೆ ಟರ್ಮಿನಲ್‌ನಲ್ಲಿ ಚ್‌ಮಾಡ್ ಪ್ಲಸ್ ಎಕ್ಸ್, ಅಂದರೆ ಈ ಫೈಲನ್ನು ಓಡಿಸಬಹುದು ಅಂತ ಅನುಮತಿ. ತಿಂಗಳ ಹೆಸರಿನ ಜಾಗದಲ್ಲಿ ಡಾಲರ್ ಒಂದು ಅಂತ ಹಾಕಿದ. ಈಗ ಈ ಫೈಲಿನ, ಅಂದರೆ ಸ್ಕ್ರಿಪ್ಟಿನ ಹೆಸರಿನ ಮುಂದೆ ಯಾವ ತಿಂಗಳು ಬರೆದರೆ ಅದು ಡಾಲರ್ ಒಂದರ ಜಾಗಕ್ಕೆ ಬಂದು ಆ ತಿಂಗಳ ಪಟ್ಟಿ. ಮುಂದೆ ಕಾಲಂಗಳ ಲೆಕ್ಕ ಮಾಡುವ ಆಕ್ ಅನ್ನೋ ಕಮಾಂಡ್ ಕಲಿಯಬೇಕು. ಒಬ್ಬೊಬ್ಬರ ಲೀಟರ್ ಕೂಡಿಸಿಕೊಟ್ಟರೆ ಬಟವಾಡೆಗೆ ಮೊದಲು ಪಾಸ್‌ಬುಕ್ ಜೊತೆ ತಾಳೆ ನೋಡಬಹುದು. ಹದಿನೈದು ದಿನಕ್ಕೊಮ್ಮೆ ನನ್ನನ್ನು ರಾತ್ರಿಯೆಲ್ಲ ಕೂರಿಸುವುದು ಅದೇ ಕೆಲಸ.