ಸುಣ್ಣದ ಬಿಲ್ಲೆಗಳು: ಹತ್ತನೆಯ ವಾರದ ಟಿಪ್ಪಣಿ

ಸುಣ್ಣದ ಗಾರೆ ಗಟ್ಟಿಯಾಗುವುದು ಒಣಗುವುದರಿಂದಲ್ಲ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಾಗುವುದರಿಂದ ಎಂಬುದನ್ನು ಮನೆಯ ತಕ್ಕಡಿಯಲ್ಲಿ ತೂಗಿ ಕಾಣಬಹುದೇ ಎಂದು ನೋಡುವುದು ಈ ಪ್ರಯೋಗದ ಉದ್ದೇಶ. ಲೆಕ್ಕವೇನೋ ಸರಳವಾಗಿದೆ. 100 ಗ್ರಾಂ ಶುದ್ಧ ಸುಣ್ಣಕಲ್ಲನ್ನು 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಟ್ಟರೆ 44 ಗ್ರಾಂ ಅನಿಲ ಹೊರಟುಹೋಗಿ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ಅದು 18 ಗ್ರಾಂ ನೀರು ಕುಡಿದು 74 ಗ್ರಾಂ ಅರಳಿದ ಸುಣ್ಣವಾಗುತ್ತದೆ. ಮುಂದೆ ನಿಧಾನವಾಗಿ ಅನಿಲವನ್ನು ಮರಳಿ ಪಡೆದು, ಕುಡಿದ ನೀರನ್ನು ಬಿಟ್ಟುಕೊಟ್ಟು, ಪುನಃ 100 ಗ್ರಾಂ ಕಲ್ಲಾಗಬೇಕು. ಜೋಸೆಫ್ ಬ್ಲ್ಯಾಕ್ ಎಂಬ ಸ್ಕಾಟ್ಲೆಂಡಿನ ವಿಜ್ಞಾನಿ 1756ರಲ್ಲಿ ಪ್ರಕಟಿಸಿದ ಪ್ರಬಂಧವೂ ಇಂಥ ತೂಕದ ಲೆಕ್ಕವನ್ನೇ ಆಧರಿಸಿತ್ತು.

ಕರಾವಳಿಯ ಸುಣ್ಣದ ಗೂಡೊಂದರಿಂದ ತರಿಸಿದ, ಚಿಪ್ಪು ಸುಟ್ಟು ಮಾಡಿದ 250 ಗ್ರಾಂ ಸುಣ್ಣವನ್ನು ಅರಳಿಸಲು ಲೆಕ್ಕದಂತೆ 80 ಗ್ರಾಂ ನೀರು ಸಾಕಿತ್ತು, ಆದರೆ ಸುಮಾರು ಅರ್ಧದಷ್ಟು ಹಬೆಯಾಗಿ ಹಾರಿಹೋಗುವುದರಿಂದ 150 ಗ್ರಾಂ ಹಿಡಿಯಿತು. ನೀರು ಚಿಮುಕಿಸಿದ ಮೇಲೆ ಅರ್ಧ ನಿಮಿಷ ಏನೂ ನಡೆಯಲಿಲ್ಲ. ಆಮೇಲೆ ಒಂದು ಚೂರು ಚಟ್ಟನೆ ಸೀಳಿತು, ಪಕ್ಕದ್ದು ಬುಸುಗುಟ್ಟಿತು, ನೋಡನೋಡುತ್ತಿದ್ದಂತೆ ಎಲ್ಲವೂ ಬಾಣಲೆಯಲ್ಲಿ ಹುರಿದ ಭತ್ತದ ಅರಳಿನಂತೆ ಉಬ್ಬಿ ಬಿಳಿಯ ಹಿಟ್ಟಾಗಿ ಕುಸಿಯಿತು. 'ಅರಳಿಸುವುದು' ಎಂಬ ಮಾತು ಎಷ್ಟು ಸರಿಯಾಗಿದೆಯೆಂದು ತಿಳಿದದ್ದು ಆಗಲೇ. ಮೊದಲ ಸಲ ಹಳೆಯ ಅಲ್ಯೂಮಿನಿಯಂ ಪಾತ್ರೆ ಬಳಸಿ ಪೆಟ್ಟು ತಿಂದಿದ್ದೆ: ಕ್ಷಾರವು ಆ ಲೋಹವನ್ನು ತಿಂದು ಹೈಡ್ರೋಜನ್ ಗುಳ್ಳೆಗಳನ್ನು ಎಬ್ಬಿಸಿತು, ಪಾತ್ರೆಯ ತಳ ಕಪ್ಪಾಯಿತು. ಈಗ ಕಬ್ಬಿಣದ ಬಾಣಲಿ, ಕಣ್ಣಿಗೆ ಕನ್ನಡಕ, ಕೈಗೆ ಗವಸು.

ಪ್ರತಿ ಬಿಲ್ಲೆಗೂ 25 ಗ್ರಾಂ ಒಣ ಸುಣ್ಣ, 75 ಗ್ರಾಂ ತೊಳೆದು ಒಣಗಿಸಿದ ಹೊಳೆಮರಳು ಬಳಸಿ, ಒಂದು ಸೆಂಟಿಮೀಟರ್ ದಪ್ಪದ 12 ಬಿಲ್ಲೆಗಳನ್ನು ತಟ್ಟಿದೆ. ನಾಲ್ಕನ್ನು ಬಿಸಿಲಿನಲ್ಲಿಟ್ಟೆ, ನಾಲ್ಕನ್ನು ನೆರಳಿನಲ್ಲಿ ತೇವದ ಗೋಣಿಯ ಕೆಳಗಿಟ್ಟೆ, ಉಳಿದ ನಾಲ್ಕನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿದೆ. ಸುಣ್ಣವೆಲ್ಲ ಕಲ್ಲಾದರೆ ಬಿಲ್ಲೆಯ ತೂಕ 100ರಿಂದ 108.8 ಗ್ರಾಂಗೆ ಏರಬೇಕು.

ಮೊದಲ ಮೂರು ವಾರಗಳ ಅಂಕಿಗಳನ್ನು ಹೊಡೆದುಹಾಕಬೇಕಾಯಿತು. ಹಸಿ ಬಿಲ್ಲೆಗಳನ್ನು ಹಾಗೆಯೇ ತೂಗುತ್ತಿದ್ದುದರಿಂದ, ಆರಿಹೋಗುವ ನೀರು ಸೇರಿಕೊಳ್ಳುವ ಅನಿಲವನ್ನು ಮರೆಮಾಚಿ ತೂಕ ಇಳಿಯುತ್ತಲೇ ಇತ್ತು. ನಾಲ್ಕನೆಯ ವಾರದಿಂದ, ತೂಗುವ ಬಿಲ್ಲೆಯನ್ನು ಓವನ್‌ನಲ್ಲಿ 110 ಡಿಗ್ರಿಯಲ್ಲಿ ಪೂರ್ತಿ ಒಣಗಿಸಿ, ತೂಗಿ, ಆಮೇಲೆ ಮುರಿದು ಒಳಗನ್ನು ಪರೀಕ್ಷಿಸುತ್ತಿದ್ದೇನೆ.

ಗೋಣಿಯ ಬಿಲ್ಲೆ ನಾಲ್ಕನೆಯ ವಾರ 102.9 ಗ್ರಾಂ ಇತ್ತು, ಈ ವಾರ 104.6 ಗ್ರಾಂ ಇದೆ. ಡಬ್ಬಿಯದು 100.2ರಲ್ಲಿಯೇ ನಿಂತಿದೆ, ಉಗುರಿನಿಂದ ಕೆರೆಯಬಹುದಾದಷ್ಟು ಮೆತ್ತಗಿದೆ. ನನಗೆ ಅಚ್ಚರಿ ತಂದದ್ದು ಬಿಸಿಲಿನ ಬಿಲ್ಲೆ. ಮೂರೇ ದಿನಕ್ಕೆ ಖಡಕ್ಕಾಗಿ ಒಣಗಿದ್ದರೂ ಹತ್ತು ವಾರಗಳಲ್ಲಿ ಅದು ಗಳಿಸಿದ್ದು ಎರಡು ಗ್ರಾಂಗಿಂತ ಕಡಿಮೆ, ಹೆಬ್ಬೆರಳಿನಿಂದ ಉಜ್ಜಿದರೆ ಪುಡಿ ಉದುರುತ್ತದೆ. ಅನಿಲವೂ ಸುಣ್ಣವೂ ಕೂಡಬೇಕಾದರೆ ಎರಡೂ ಕರಗಲು ತೆಳುವಾದ ನೀರಿನ ಪದರ ಬೇಕು. ಅದನ್ನು ಬಿಸಿಲು ಬೇಗನೆ ಕಸಿದುಕೊಂಡಿತ್ತು. ಗಾರೆ ಕೆಲಸದವರು ಹೊಸ ಗೋಡೆಗೆ ನೀರು ಹಾಕುತ್ತಲೇ ಇರುವುದಕ್ಕೆ ಇದೂ ಒಂದು ಕಾರಣ.

ಮುರಿದ ಅಂಚಿಗೆ ಸ್ಪಿರಿಟ್‌ನಲ್ಲಿ ಕದಡಿದ ಅರಿಸಿನ ಹಚ್ಚಿದಾಗ ಇನ್ನೂ ಸುಣ್ಣವಾಗಿಯೇ ಇದ್ದ ಬಿಲ್ಲೆಯ ನಡುಭಾಗ ಆರತಿಯ ಓಕುಳಿಯಂತೆ ಕೆಂಪಾಯಿತು, ಎರಡೂ ಹೊರಮೈಗಳ ಕಡೆ ಎರಡು ಮಿಲಿಮೀಟರಿಗಿಂತ ತುಸು ಹೆಚ್ಚು ದಪ್ಪದ ಪಟ್ಟಿ ಹಳದಿಯಾಗಿಯೇ ಉಳಿಯಿತು. ಕೆಂಪು ಒಂದು ನಿಮಿಷದೊಳಗೆ ಹರಡಿಬಿಡುವುದರಿಂದ ಕೂಡಲೇ ಅಳೆಯಬೇಕು. ಮುರಿದ ಇನ್ನೊಂದು ಹೋಳಿಗೆ ವಿನೆಗರ್ ಬಿಟ್ಟಾಗ ಕಲ್ಲಾಗಿದ್ದ ಹೊರಪಟ್ಟಿ ನೊರೆಯೆದ್ದಿತು, ನಡುಭಾಗ ಬಹುಮಟ್ಟಿಗೆ ಸುಮ್ಮನಿತ್ತು. ಅಲ್ಲಿ ಎದ್ದ ನಾಲ್ಕಾರು ಗುಳ್ಳೆಗಳು ಗೂಡಿನಲ್ಲಿ ಸರಿಯಾಗಿ ಬೇಯದ ಚಿಪ್ಪಿನ ಚೂರುಗಳವು ಎಂದು ನನ್ನ ಊಹೆ, ಏಕೆಂದರೆ ಮರಳು ವಿನೆಗರ್‌ಗೆ ನೊರೆಯೇಳದೆಂದು ಮೊದಲೇ ನೋಡಿಕೊಂಡಿದ್ದೆ. ಹಾಗಿದ್ದರೆ 108.8 ಎಂಬ ಗುರಿ ತುಸು ಹೆಚ್ಚೇ ಆಯಿತು.

ಹೊರಪದರ ದಪ್ಪವಾದಷ್ಟೂ ಅನಿಲ ಒಳಗಿಳಿಯುವುದು ತಡವಾಗುತ್ತದೆ. ಆದ್ದರಿಂದ ತೂಕದ ಏರಿಕೆ ಕಾಲದ ವರ್ಗಮೂಲವನ್ನು ಅನುಸರಿಸಬೇಕು. ನಾಲ್ಕು ವಾರಕ್ಕೆ 2.9 ಗ್ರಾಂ ಎಂದಾದರೆ ಹತ್ತಕ್ಕೆ ಸುಮಾರು 4.6, ಬಂದದ್ದೂ ಅಷ್ಟೇ. ಇದೇ ಲೆಕ್ಕದಲ್ಲಿ 36ನೆಯ ವಾರಕ್ಕೆ 8.7 ಗ್ರಾಂ ಆಗಬೇಕು. ಗೋಣಿಯ ಕೆಳಗೆ ಉಳಿದಿರುವುದು ಎರಡೇ ಬಿಲ್ಲೆಗಳಾದ್ದರಿಂದ, ಅಲ್ಲಿಯವರೆಗೆ ನೀರು ಚಿಮುಕಿಸುವುದನ್ನು ಬಿಟ್ಟು ಅವನ್ನು ಮುಟ್ಟುವುದಿಲ್ಲ.