ಲಾಂಗ್‌ಹಾರ್ನ್ ಬರಲಿ ಅಂತ ಕಳೆದ ಅಧಿಕ ಮಾಸ

2004ರಲ್ಲಿ ನಾನು ಚಾಮರಾಜಪೇಟೆಯ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಹನ್ನೊಂದು ವಿಂಡೋಸ್ ಮೆಷಿನ್, ಎರಡು ಮ್ಯಾಕ್. ಮದುವೆ ಕಾರ್ಡೇ ಮುಖ್ಯ ಕೆಲಸ. ಜೊತೆಗೆ ಗೃಹಪ್ರವೇಶ, ನಾಮಕರಣ, ಬಿಲ್ ಬುಕ್, ಚುನಾವಣೆ ಬಂದರೆ ಪಾಂಪ್ಲೆಟ್.

ನಮ್ಮ ದೊಡ್ಡ ತಲೆನೋವು ಹಳೆಯ ಫೈಲ್ ಹುಡುಕುವುದು. ಯಾರೋ ಬಂದು ಎರಡು ವರ್ಷ ಹಿಂದಿನ ಕಾರ್ಡ್ ಮೇಜಿನ ಮೇಲಿಟ್ಟು, 'ಇದೇ ಇರಲಿ, ಹೆಸರು ಮಾತ್ರ ಬದಲಾಯಿಸಿ' ಅನ್ನುತ್ತಿದ್ದರು. ಆ ಫೈಲ್ ಯಾವ ಮೆಷಿನ್‌ನಲ್ಲಿದೆ? ಹೆಸರೇನು? 'ಮದುವೆ ಫೈನಲ್', 'ಮದುವೆ ಫೈನಲ್ 2', 'ಮದುವೆ ನಿಜವಾದ ಫೈನಲ್'. ಒಬ್ಬೊಬ್ಬ ಆಪರೇಟರ್‌ದು ಒಂದೊಂದು ಪದ್ಧತಿ. ಅರ್ಧ ಗಂಟೆ ಹುಡುಕಿ, ಕೊನೆಗೆ ಹೊಸದಾಗಿ ಕೂತು ಟೈಪ್ ಮಾಡುವುದೇ ಜಾಸ್ತಿ.

ಪ್ರೆಸ್‌ನಲ್ಲಿ ಇಂಥ ಕೆಲಸ ಸರಿ ಮಾಡಿಕೊಳ್ಳಲು ಕಾಲ ಅಂದರೆ ಆಷಾಢ. ಮದುವೆ ಇರುವುದಿಲ್ಲ, ಕೈ ಖಾಲಿ. ಆ ವರ್ಷ ಆಷಾಢದ ಹಿಂದೆಯೇ ಅಧಿಕ ಶ್ರಾವಣವೂ ಬಂದಿತ್ತು. ಅಂದರೆ ಎರಡು ತಿಂಗಳು ಬಿಡುವು. ಯಜಮಾನರು ನನ್ನನ್ನು ಕರೆದು, 'ಈಗಲಾದ್ರೂ ಆ ಫೈಲ್‌ಗಳಿಗೆ ಒಂದು ಗತಿ ಕಾಣಿಸಪ್ಪ' ಅಂದರು.

ನಾನು ಬೇಡ ಅಂದೆ. ಕಾರಣ ಲಾಂಗ್‌ಹಾರ್ನ್.

ಆ ಹೆಸರು ಈಗ ಎಷ್ಟು ಜನರಿಗೆ ನೆನಪಿದೆಯೋ ಗೊತ್ತಿಲ್ಲ. ವಿಂಡೋಸ್ ಎಕ್ಸ್‌ಪಿ ಆದ ಮೇಲೆ ಬರಬೇಕಿದ್ದ ವಿಂಡೋಸ್‌ಗೆ ಮೈಕ್ರೋಸಾಫ್ಟ್ ಇಟ್ಟಿದ್ದ ಒಳಹೆಸರು ಅದು. 2003ರ ಅಕ್ಟೋಬರ್‌ನಲ್ಲಿ ಲಾಸ್ ಏಂಜಲಿಸ್‌ನ ಡೆವಲಪರ್‌ಗಳ ಸಮ್ಮೇಳನದಲ್ಲಿ ಅದನ್ನು ತೋರಿಸಿದ್ದರು. ಅದರಲ್ಲಿ ವಿನ್‌ಎಫ್‌ಎಸ್ ಅಂತ ಒಂದು ಸಂಗತಿ ಇತ್ತು. ಫೈಲ್‌ಗಳನ್ನು ಫೋಲ್ಡರ್‌ನಲ್ಲಿ ಹುಡುಕುವ ಕಾಲ ಮುಗಿಯಿತು, ಎಲ್ಲ ಮಾಹಿತಿ ಡೇಟಾಬೇಸ್ ಥರ ಇರುತ್ತೆ, ಕೇಳಿದ್ದು ಕೇಳಿದ ಹಾಗೆ ಸಿಗುತ್ತೆ ಅಂತ. ಓದಿದ ನನಗೆ ಕಂಡದ್ದು ನಮ್ಮ ಪ್ರೆಸ್ಸೇ. 'ಮಲ್ಲೇಶ್ವರದ ಪಾರ್ಟಿ, ಜ್ಯೇಷ್ಠ ಮಾಸ, ಹಸಿರು ಕಾರ್ಡ್' ಅಂತ ಕೇಳಿದರೆ ಸಾಕು, ಫೈಲ್ ಮುಂದೆ ಬಂದು ಕೂರುತ್ತೆ ಅಂತ ಕನಸು ಕಂಡೆ. ಯಜಮಾನರಿಗೂ ಹಾಗೇ ಹೇಳಿದೆ. 'ಸುಮ್ನೆ ಈಗ ಕೈಯಲ್ಲಿ ಮಾಡಿ ಮತ್ತೆ ಅದನ್ನೇ ಕಿತ್ತು ಹಾಕೋದು ಯಾಕೆ ಸಾರ್?'

ಮ್ಯಾಕ್‌ನಲ್ಲಿ ಕೂರುತ್ತಿದ್ದವರು ಕುಂದಾಪುರ ಕಡೆಯ ಹಿರಿಯ ಡಿಸೈನರ್. ನಾವೆಲ್ಲ ಅವರನ್ನು ಗುರುಗಳು ಅಂತಲೇ ಕರೆಯುತ್ತಿದ್ದೆವು. ಅದೇ ಜೂನ್ ಕೊನೆಗೆ ಆಪಲ್ ಮ್ಯಾಕ್‌ಗೆ ಬರಲಿದ್ದ ಹೊಸ ಸಿಸ್ಟಂ ಟೈಗರ್ ತೋರಿಸಿತು. ಸಮ್ಮೇಳನದ ಹಾಲ್‌ನಲ್ಲಿ, 'ರೆಡ್ಮಂಡ್‌ನವರೇ, ಜೆರಾಕ್ಸ್ ಮೆಷಿನ್ ಆನ್ ಮಾಡಿಕೊಳ್ಳಿ' ಅನ್ನುವ ಅರ್ಥದ ಬ್ಯಾನರ್ ಬೇರೆ ಕಟ್ಟಿದ್ದರು. ರೆಡ್ಮಂಡ್ ಅಂದರೆ ಮೈಕ್ರೋಸಾಫ್ಟ್‌ನ ಊರು. ಟೈಗರ್‌ನಲ್ಲಿ ಸ್ಪಾಟ್‌ಲೈಟ್ ಅನ್ನುವ ಹುಡುಕಾಟ ಇರುತ್ತೆ ಅಂತ ಗೊತ್ತಾದಾಗ ಗುರುಗಳು ಅದರ ಪ್ರಿಂಟೌಟ್ ತಂದು ನನ್ನ ಮಾನಿಟರ್‌ಗೆ ಅಂಟಿಸಿದರು. 'ನಿನ್ನ ಕೋಣ ಇನ್ನೂ ಕೊಟ್ಟಿಗೆಯಲ್ಲೇ ಉಂಟು ಮಾರಾಯ, ನಮ್ಮ ಹುಲಿ ಹೊರಟಾಯಿತು' ಅಂದರು. ಅಲ್ಲಿಂದ ದಿನಾ ಟೀ ಟೈಮಲ್ಲಿ ಇದೇ ಜಗಳ. ಲಾಂಗ್‌ಹಾರ್ನ್ ದೊಡ್ಡದಾ, ಟೈಗರ್ ದೊಡ್ಡದಾ. ಎರಡನ್ನೂ ನಾವಿಬ್ಬರೂ ಮುಟ್ಟಿ ಕೂಡ ನೋಡಿರಲಿಲ್ಲ! ಬಿಲ್ಲಿಂಗ್ ನೋಡುತ್ತಿದ್ದ ಅಕ್ಕ ಒಂದು ದಿನ ಲೋಟ ಎತ್ತಿಕೊಳ್ಳುತ್ತಾ, 'ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋರನ್ನ ನೋಡಿದ್ದೆ. ನೀವು ಕುಲಾವಿ ಬಣ್ಣಕ್ಕೆ ಹೊಡೆದಾಡ್ತೀರಲ್ಲ' ಅಂದರು. ನಾವು ನಕ್ಕೆವು, ಮತ್ತೆ ಶುರು ಮಾಡಿದೆವು.

ಆಷಾಢ ಮುಗಿಯಿತು. ಅಧಿಕ ಮಾಸವೂ ಮುಗಿಯಿತು. ಆಗಸ್ಟ್ 27ಕ್ಕೆ ಮೈಕ್ರೋಸಾಫ್ಟ್ ಪ್ರಕಟಣೆ ಕೊಟ್ಟಿತು: ಲಾಂಗ್‌ಹಾರ್ನ್ 2006ಕ್ಕೆ ಬರುತ್ತೆ, ಆದರೆ ಅದರ ಜೊತೆ ವಿನ್‌ಎಫ್‌ಎಸ್ ಇರುವುದಿಲ್ಲ.

ಯಜಮಾನರಿಗೆ ನಾನು ಹೇಳಲಿಲ್ಲ. ಆಮೇಲೆ ಬೇರೆಯಾಗಿ ಕೊಡುತ್ತಾರೆ, ನೋಡೋಣ ಅಂತ ಸಮಾಧಾನ ಮಾಡಿಕೊಂಡೆ. ಈ ಕಥೆಯಲ್ಲಿ ನನ್ನ ನಿಜವಾದ ತಪ್ಪು ಇದು. ಕಂಪನಿ ಮಾತು ತಪ್ಪಿದ್ದಕ್ಕೆ ನಾನೇನೂ ಮಾಡುವ ಹಾಗಿರಲಿಲ್ಲ. ಆದರೆ ತಪ್ಪಿದ್ದು ಗೊತ್ತಾದ ದಿನವೇ ಹೋಗಿ ಹೇಳಿದ್ದರೆ ಕಾರ್ತೀಕದ ಸೀಸನ್‌ಗೆ ಮುಂಚೆ ಇನ್ನೂ ಟೈಮ್ ಇತ್ತು.

ಮಾಘದಲ್ಲಿ ಪೆಟ್ಟು ಬಿತ್ತು. ದೊಡ್ಡ ಮಗಳ ಮದುವೆಗೆ ನಮ್ಮಲ್ಲೇ ಕಾರ್ಡ್ ಮಾಡಿಸಿದ್ದವರು ಚಿಕ್ಕವಳ ಮದುವೆಗೂ ಬಂದರು. ಅದೇ ಡಿಸೈನ್, 800 ಕಾರ್ಡ್. ನಮ್ಮ ಆಪರೇಟರ್ ಹಳೆಯ ಫೈಲ್ ತೆಗೆದು ಹೆಸರು, ತಾರೀಕು, ಛತ್ರ ಎಲ್ಲ ಬದಲಾಯಿಸಿದ. ಪ್ರೂಫ್‌ನಲ್ಲಿ ಲಗ್ನ ತಪ್ಪಿದ್ದನ್ನು ಹುಡುಗಿಯ ತಂದೆಯೇ ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟರು. ಆಪರೇಟರ್ ಸರಿ ಮಾಡಿ ಸೇವ್ ಮಾಡಿದ. ಆದರೆ ಪ್ರಿಂಟ್ ಹೊಡೆಯುವ ಪ್ಲೇಟ್‌ಗೆ ಹೋದದ್ದು ಅದೇ ಹೆಸರಿನ ಇನ್ನೊಂದು ಫೈಲ್, ತಿದ್ದುವ ಮುಂಚಿನದು. ಬೆಳಿಗ್ಗೆ ಹತ್ತೂ ಕಾಲಿಗೆ ಮೇಷ ಲಗ್ನ ಅಂತ ಇರಬೇಕಾದ ಕಡೆ ಅಕ್ಕನ ಮದುವೆಯ ಕರ್ಕಾಟಕ ಲಗ್ನವೇ ಉಳಿದಿತ್ತು. ಹೊತ್ತು ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಆಗಿದ್ದರಿಂದ ಮೆಷಿನ್ ಹತ್ತಿರ ಯಾರ ಕಣ್ಣಿಗೂ ಬೀಳಲಿಲ್ಲ. ಕಾರ್ಡ್ ಹಂಚಲು ಶುರು ಮಾಡಿದ ಮೇಲೆ ಅವರ ಪುರೋಹಿತರು ಕಂಡುಹಿಡಿದರು.

ಆ ತಂದೆ ಕೂಗಾಡಿದ್ದರೆ ಪರವಾಗಿರಲಿಲ್ಲ. ಕೌಂಟರ್ ಮುಂದಿನ ಸ್ಟೂಲ್ ಮೇಲೆ ಕೂತು, 'ಮೂವತ್ತು ಮನೆಗೆ ಕೊಟ್ಟಾಗಿದೆಯಲ್ರೀ' ಅಂತ ಅಷ್ಟೇ ಅಂದರು. ರಾತ್ರಿಯೆಲ್ಲ ಕೂತು 800 ಕಾರ್ಡ್ ಮತ್ತೆ ಹೊಡೆದು ಕೊಟ್ಟೆವು. ದುಡ್ಡು ಪ್ರೆಸ್‌ದೇ. ಯಜಮಾನರು ಬೆಳಗಿನ ಜಾವ ನನ್ನ ಪಕ್ಕ ಬಂದು ನಿಂತು ಒಂದೇ ಮಾತು ಕೇಳಿದರು. 'ಆ ನಿನ್ನ ಲಾಂಗ್‌ಹಾರ್ನ್ ಬಂದ ಮೇಲೆ ಮದುವೆ ಇಟ್ಕೊಳ್ಳಿ ಅಂತ ಬೀಗರಿಗೆ ಹೇಳ್ಲಾ?'

ಪರಿಹಾರ ಇದ್ದದ್ದು ಅಕ್ಕನ ಮೇಜಿನ ಮೇಲೆ. ಅವರ ಹತ್ತಿರ ಒಂದು ಉದ್ದ ಪುಸ್ತಕ ಇತ್ತು. ಪ್ರತಿ ಆರ್ಡರ್‌ಗೂ ಬಿಲ್ ನಂಬರ್, ಪಾರ್ಟಿ ಹೆಸರು, ಏರಿಯಾ, ಯಾವ ಸಮಾರಂಭ, ಎಷ್ಟು ಕಾಪಿ, ಎಲ್ಲ ಸಾಲಾಗಿ. ನನ್ನ ಕನಸಿನ ಡೇಟಾಬೇಸ್ ಬಾಲ್‌ಪೆನ್‌ನಲ್ಲಿ ಬರೆದಿಟ್ಟಿತ್ತು, ಅಷ್ಟೇ. ಫೈಲ್ ಹೆಸರು ಇನ್ನು ಮೇಲೆ ಬಿಲ್ ನಂಬರ್, ಪ್ರೂಫ್ ಒಪ್ಪಿದರೆ ಅದರ ಮುಂದೆ ಒಂದು ಗುರುತು, ಒಪ್ಪಿದ ಫೈಲ್ ಮಾತ್ರ ಬೇರೆ ಫೋಲ್ಡರ್‌ಗೆ, ಪ್ಲೇಟ್ ಆ ಫೋಲ್ಡರ್‌ನಿಂದ ಮಾತ್ರ. ಇಷ್ಟು ನಿಯಮ. ಮುಂದಿನ ಆರ್ಡರ್‌ನ ಕಾರ್ಡ್ ಹಿಂಬದಿಯ ಮೂಲೆಯಲ್ಲಿ ಸಣ್ಣದಾಗಿ ಬಿಲ್ ನಂಬರ್ ಹಾಕಿಸಿಕೊಂಡೇ ಹೊರಗೆ ಹೋಯಿತು.

ಇನ್ನೂ ಒಂದು ಪಾಠ ಬಾಕಿ ಇತ್ತು. ಅದು ಗುರುಗಳ ಹುಲಿಯಿಂದ ಬಂತು. 2005ರ ಏಪ್ರಿಲ್ 29ಕ್ಕೆ ಟೈಗರ್ ನಿಜವಾಗಿಯೂ ಬಿಡುಗಡೆ ಆಯಿತು, ಸ್ಪಾಟ್‌ಲೈಟ್ ಸಮೇತ. ಹೇಳಿದ್ದನ್ನು ಕೊಟ್ಟರು, ಅದನ್ನು ಒಪ್ಪಲೇಬೇಕು. ಗುರುಗಳು ಎಲ್ಲರನ್ನೂ ಕರೆದು ತೋರಿಸಿದರು. ಇಂಗ್ಲಿಷ್‌ನಲ್ಲಿದ್ದ ಛತ್ರದ ವಿಳಾಸ ಹೊಡೆದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಪಟ್ಟಿ ಬಂತು. ನನ್ನ ಹೊಟ್ಟೆ ಉರಿದದ್ದು ಸುಳ್ಳಲ್ಲ. ಆಗ ಅಕ್ಕ, 'ಕನ್ನಡದ್ದು ಹುಡುಕಿ' ಅಂದರು.

ಸಿಗಲಿಲ್ಲ. ಸಿಗುವ ಹಾಗೇ ಇರಲಿಲ್ಲ. ನಮ್ಮ ಕನ್ನಡ ಮ್ಯಾಟರ್ ಎಲ್ಲ ಟೈಪ್ ಆಗಿದ್ದದ್ದು ನುಡಿ ಅನ್ನುವ ಕನ್ನಡ ಸಾಫ್ಟ್‌ವೇರ್‌ನ ಹಳೆಯ ಫಾಂಟ್‌ಗಳಲ್ಲಿ. ತೆರೆಯ ಮೇಲೆ ಕನ್ನಡ ಕಾಣುತ್ತೆ, ಆದರೆ ಫೈಲ್ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. 'ಕನ್ನಡ' ಅನ್ನುವ ಪದದ ಫಾಂಟ್ ತೆಗೆದು ನೋಡಿದರೆ ಮೊದಲಿಗೆ ಇಂಗ್ಲಿಷ್ ಪಿ, ಮಧ್ಯದಲ್ಲಿ ಬ್ರಿಟನ್ನಿನ ಪೌಂಡ್ ಚಿಹ್ನೆ! ಮದುಮಗಳ ಹೆಸರು ಆ ಯಂತ್ರದ ಪಾಲಿಗೆ ಹೆಸರೇ ಅಲ್ಲ. ವಿನ್‌ಎಫ್‌ಎಸ್ ಬಂದಿದ್ದರೂ ಇದೇ ಗತಿ ಆಗುತ್ತಿತ್ತು. ಎರಡು ಕಂಪನಿಗಳ ಕುಸ್ತಿಯಲ್ಲಿ ಪಕ್ಷ ಹಿಡಿದು ನಿಂತಿದ್ದ ನಾನು, ಆ ಕುಸ್ತಿಯಲ್ಲಿ ಯಾರು ಗೆದ್ದರೂ ನಮ್ಮ ಕೆಲಸಕ್ಕೆ ಬರುತ್ತಾ ಅಂತ ಒಂದು ಸಲವೂ ಪರೀಕ್ಷೆ ಮಾಡಿರಲಿಲ್ಲ.

ತಮಾಷೆ ಅಂದರೆ ನಮಗೆ ಬೇಕಿದ್ದದ್ದು 2001ರಿಂದ ನಮ್ಮ ಹತ್ತಿರವೇ ಇತ್ತು. ಎಕ್ಸ್‌ಪಿ ಜೊತೆ ಯೂನಿಕೋಡ್ ಕನ್ನಡ, ಅಂದರೆ ಫೈಲ್ ಒಳಗೂ ಕನ್ನಡ ಅಕ್ಷರವಾಗಿಯೇ ಉಳಿಯುವ ಕನ್ನಡ, ಬಂದಿತ್ತು, ತುಂಗಾ ಅನ್ನುವ ಫಾಂಟ್ ಕೂಡ. ಕಂಟ್ರೋಲ್ ಪ್ಯಾನೆಲ್‌ನ ಭಾಷೆಯ ಭಾಗದಲ್ಲಿ ಒಂದು ಟಿಕ್ ಹಾಕಬೇಕು, ಅದು ಎಕ್ಸ್‌ಪಿ ಸಿಡಿ ಕೇಳುತ್ತೆ, ಸಿಡಿ ಹಾಕಬೇಕು, ರೀಸ್ಟಾರ್ಟ್ ಮಾಡಬೇಕು. ಮುಗಿಯಿತು. ನಾವು ಕಾರ್ಡ್ ಮಾಡುತ್ತಿದ್ದ ಪೇಜ್‌ಮೇಕರ್‌ಗೆ ಯೂನಿಕೋಡ್ ಆಗುತ್ತಿರಲಿಲ್ಲ, ಆದ್ದರಿಂದ ಕಾರ್ಡ್ ಡಿಸೈನ್ ಹಳೆಯ ಫಾಂಟ್‌ನಲ್ಲೇ. ಆದರೆ ಅಕ್ಕನ ಪುಸ್ತಕವನ್ನು ಎಕ್ಸೆಲ್‌ನಲ್ಲಿ ಕನ್ನಡದಲ್ಲೇ ಹೊಡೆಯಬಹುದಿತ್ತು. ಹೊಡೆದೆವು, ಆ ಆಷಾಢದಲ್ಲಿ. ಹುಡುಗಿ ಹೆಸರು ಹುಡುಕಿದರೆ ಬಿಲ್ ನಂಬರ್, ಬಿಲ್ ನಂಬರ್‌ಗೆ ಫೈಲ್.

ಗುರುಗಳು ಆಗ ತಮ್ಮ ಹಳೆಯ ಗಾಯ ತೋರಿಸಿದರು. ತೊಂಬತ್ತರ ದಶಕದಲ್ಲಿ ಅವರೂ ಹೀಗೇ ಕಾದಿದ್ದರಂತೆ, ಆಪಲ್ ತರುತ್ತೇನೆ ಅಂದಿದ್ದ ಕೋಪ್‌ಲ್ಯಾಂಡ್ ಅನ್ನುವ ಹೊಸ ಸಿಸ್ಟಂಗೆ. ಅವರ ಹಳೆಯ ಮ್ಯಾಕ್‌ನಲ್ಲಿ ಒಂದು ಪ್ರೋಗ್ರಾಂ ನಿಂತರೆ ಇಡೀ ಮೆಷಿನ್ ನಿಲ್ಲುತ್ತಿತ್ತು. ಹೊಸದರಲ್ಲಿ ಅದು ತಪ್ಪುತ್ತೆ ಅಂದಿದ್ದರು. 1996ರಲ್ಲಿ ಆಪಲ್‌ನವರು ಅದನ್ನು ಕೈಬಿಟ್ಟು, ವರ್ಷದ ಕೊನೆಗೆ ನೆಕ್ಸ್ಟ್ ಕಂಪನಿಯನ್ನೇ ಕೊಳ್ಳುವುದಾಗಿ ಹೇಳಿದರು. ಅದರಿಂದ ಬೆಳೆದ ಮ್ಯಾಕ್ ಓಎಸ್ ಟೆನ್ ಬಂದದ್ದು 2001ರ ಮಾರ್ಚ್‌ನಲ್ಲಿ. 'ಇದನ್ನ ಮೊದಲೇ ಹೇಳಬಾರದಿತ್ತಾ ಗುರುಗಳೇ?' ಅಂದೆ. 'ಹೇಳಿದ್ರೆ ಟೀ ಟೈಮಲ್ಲಿ ನಾನು ಸೋಲ್ತಿದ್ದೆ ಮಾರಾಯ' ಅಂದರು.

ಲಾಂಗ್‌ಹಾರ್ನ್ ಕೊನೆಗೆ ವಿಸ್ಟಾ ಆಗಿ 2007ರ ಜನವರಿ 30ಕ್ಕೆ ಅಂಗಡಿಗೆ ಬಂತು. ಬೇರೆಯಾಗಿ ಕೊಡುತ್ತಾರೆ ಅಂದುಕೊಂಡಿದ್ದ ವಿನ್‌ಎಫ್‌ಎಸ್ ಅದಕ್ಕೂ ಮುಂಚೆ, 2006ರ ಜೂನ್‌ನಲ್ಲೇ ಕಣ್ಣು ಮುಚ್ಚಿತ್ತು. ವಿಸ್ಟಾವನ್ನು ನಮ್ಮ 512 ಎಂಬಿ ರ್‍ಯಾಮ್ ಮೆಷಿನ್ ಒಂದಕ್ಕೆ ಹಾಕಿ ನೋಡಿದೆ. ಎತ್ತಿನ ಗಾಡಿ. ತೆಗೆದೆ. ಆದರೆ ಅದರಲ್ಲಿ ಕನ್ನಡಕ್ಕೆ ಟಿಕ್ಕೂ ಬೇಡ, ಸಿಡಿಯೂ ಬೇಡ, ತಾನಾಗಿಯೇ ಕಾಣುತ್ತಿತ್ತು. ನಮಗೆ ನಿಜವಾಗಿ ಉಪಯೋಗ ಆಗುವ ಆ ಒಂದು ಸಂಗತಿಯ ಬಗ್ಗೆ ನಾನು ಎಲ್ಲೂ ಜಾಹೀರಾತು ನೋಡಿದ ನೆನಪಿಲ್ಲ.

ಈಗ ನಾನು ಜಯನಗರದ ಬೇರೆ ಒಂದು ಆಫೀಸ್‌ನಲ್ಲಿದ್ದೇನೆ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತಲ್ಲ, ಆಗ ಇಲ್ಲೂ ಅದೇ ಟೀ ಟೈಮ್ ಜಗಳ ನಡೆಯಿತು. ನಮ್ಮ ಟೀಮಿನ ಹುಡುಗರು ಮ್ಯಾಕ್‌ಗೆ ಹೋಗೋಣ ಸಾರ್, ಮಾತಾಡಿಸಿದರೆ ಕೆಲಸ ಮಾಡಿಕೊಡುವ ಹೊಸ ಸಿರಿ ಬರುತ್ತೆ ಅಂದರು. ಆ ಸಿರಿಯನ್ನು 2024ರ ಜೂನ್‌ನಲ್ಲಿ ತೋರಿಸಿ, 2025ರ ಮಾರ್ಚ್‌ನಲ್ಲಿ ಮುಂದಕ್ಕೆ ಹಾಕಿದ್ದರು. ಇನ್ನೊಬ್ಬ ವಿಂಡೋಸ್ 11ರ ಕಡೆ. ಅದರಲ್ಲಿ ಆಂಡ್ರಾಯ್ಡ್ ಆಪ್ ಓಡುತ್ತೆ ಅಂತ 2021ರಲ್ಲಿ ಹೇಳಿದ್ದರು, ತಡವಾಗಿ ಕೊಟ್ಟರು, 2025ರ ಮಾರ್ಚ್ 5ಕ್ಕೆ ನಿಲ್ಲಿಸಿಯೂ ಬಿಟ್ಟರು. ನಾನು ಯಾರ ಕಡೆಯೂ ವಾದ ಮಾಡಲಿಲ್ಲ. ಒಂದು ಹಾಳೆಯಲ್ಲಿ ಗೆರೆ ಎಳೆದು ಎಡಗಡೆ ಇವತ್ತು ಇರುವುದು, ಬಲಗಡೆ ಬರುತ್ತೆ ಅಂದಿರುವುದು ಬರೆಯಿರಿ ಅಂದೆ. ಎಡಗಡೆಯದನ್ನು ನಮ್ಮ ಲೆಕ್ಕಪತ್ರದ ಟ್ಯಾಲಿ, ನಮ್ಮ ಪ್ರಿಂಟರ್, ನಮ್ಮ ಕನ್ನಡ ಪತ್ರಗಳ ಮೇಲೆ ಒಂದು ವಾರ ಓಡಿಸಿ ನೋಡಿ, ಬಲಗಡೆಯದಕ್ಕೆ ಒಂದು ರೂಪಾಯಿಯೂ ಬೆಲೆ ಕಟ್ಟಬೇಡಿ ಅಂದೆ. ಹುಡುಗರಿಗೆ ಸ್ವಲ್ಪ ಬೇಜಾರಾಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಅನ್ನುವ ಸುರಕ್ಷತಾ ಚಿಪ್ ಇರುವ ಮೆಷಿನ್‌ಗಳಿಗೆ 11 ಹಾಕಿದೆವು, ಉಳಿದವನ್ನು ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡ್‌ನಲ್ಲಿ ಬದಲಾಯಿಸಿದೆವು.

ಮೊನ್ನೆ ತಂಗಿ ಮಗನ ಮದುವೆ ಕಾರ್ಡ್‌ಗೆ ಅಂತ ಹಳೆಯ ಪ್ರೆಸ್‌ಗೆ ಹೋಗಿದ್ದೆ. ಅಕ್ಕ ರಿಟೈರ್ ಆಗಿದ್ದಾರೆ, ಗುರುಗಳು ಊರಿಗೆ ಹೋಗಿದ್ದಾರೆ. ಕೌಂಟರ್‌ನಲ್ಲಿ ಯಾರೋ ಹೊಸ ಹುಡುಗ. ನಾನು ತೆಗೆದುಕೊಂಡು ಹೋಗಿದ್ದ ಹಳೆಯ ಕಾರ್ಡ್ ಕೊಟ್ಟೆ. ತಿರುಗಿಸಿ ಹಿಂಬದಿಯ ಮೂಲೆಯ ನಂಬರ್ ನೋಡಿ, ಎರಡು ನಿಮಿಷದಲ್ಲಿ ಫೈಲ್ ತೆಗೆದ. ಪ್ರೂಫ್ ಕೈಗೆ ಕೊಡುತ್ತಾ, 'ಲಗ್ನ ಒಂದ್ಸಲ ಸರಿಯಾಗಿ ನೋಡ್ಕೊಳಿ ಸಾರ್' ಅಂದ.